ಸೋರುವ ಮಾಳಿಗೆಗೆ ದೇಣಿಗೆ: ಚಿತ್ತಾಪುರ ಸೀಮೆಯ ಒಂದು ಖಾಸಗಿ ಶಾಲೆಯ ಪ್ರಕರಣ

ಕಲಬುರಗಿ ಜಿಲ್ಲೆ ಚಿತ್ತಾಪುರ ತಾಲ್ಲೂಕಿನ ದೊಡ್ಡ ಹಳ್ಳಿಯೊಂದರಲ್ಲಿ ಅನುದಾನರಹಿತ ಕನ್ನಡ ಮಾಧ್ಯಮ ಶಾಲೆ. ಒಂದರಿಂದ ಹತ್ತನೇ ತರಗತಿ, 312 ಮಕ್ಕಳು. ಅದರಲ್ಲಿ ಹುಡುಗಿಯರು 144. ಎಂಟು ಕೊಠಡಿಗಳ ಪೈಕಿ ನಾಲ್ಕಕ್ಕೆ ಆರ್‌ಸಿಸಿ ಸ್ಲ್ಯಾಬು, ನಾಲ್ಕು ಪತ್ರಾಸ್ (ತಗಡಿನ) ಶೆಡ್ಡು. ಸೆಪ್ಟೆಂಬರ್ ಮಳೆಗೆ ಸ್ಲ್ಯಾಬಿನ ಕೊಠಡಿಗಳು ಸೋರುತ್ತವೆ, ಏಪ್ರಿಲ್ ಬಿಸಿಲಿಗೆ ಪತ್ರಾಸಿನ ಕೊಠಡಿಗಳಲ್ಲಿ ಕೂರಲಾಗದು. ಹಳೆಯ ವಿದ್ಯಾರ್ಥಿಗಳು ಸೇರಿ ಕಟ್ಟಡಕ್ಕೆ ದುಡ್ಡು ಕೂಡಿಸಲು ಮುಂದೆ ಬಂದರು. ಆ ದುಡ್ಡು ಎಲ್ಲಿ ಸಿಕ್ಕಿಹಾಕಿಕೊಂಡಿತು, ಹೇಗೆ ಬಿಡಿಸಿಕೊಂಡಿತು, ಕೊನೆಗೆ ಏನಾಯಿತು ಎಂಬುದು ಈ ಬರಹದ ವಿಷಯ.

ಒಂದು ಮಾತು ಮೊದಲೇ ಹೇಳಬೇಕು. ಇದು ಹೆಸರಿಟ್ಟು ತೋರಿಸಬಹುದಾದ ಒಂದೇ ಶಾಲೆಯಲ್ಲ. ಈ ಭಾಗದ ಖಾಸಗಿ ಶಾಲೆಗಳಲ್ಲಿ ಮೇಲಿಂದ ಮೇಲೆ ಕಾಣುವ ತೊಡಕುಗಳನ್ನು ಒಂದೇ ಕಟ್ಟಡದಲ್ಲಿ ಸೇರಿಸಿ ಕಟ್ಟಿದ ಮಾದರಿ. ಶಾಲೆಯ ಅಳತೆ, ಮೊತ್ತ, ದಾನಿಗಳ ವಿವರ ಲೆಕ್ಕ ಬಿಡಿಸಿ ತೋರಿಸಲಿಕ್ಕೆ ಇಟ್ಟುಕೊಂಡವು. ಕಾನೂನು, ತೆರಿಗೆ ಮತ್ತು ಕಟ್ಟಡದ ನಿಯಮಗಳು ಮಾತ್ರ ನಿಜವಾದವು; ತೆರಿಗೆಯ ಕಲಂಗಳು 1961ರ ಕಾಯ್ದೆಯವು, ಕಾಲ 2024-25. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಅನ್ವಯವಾಗುವುದರಿಂದ, ಆ ಮೇಲಿನ ದೇಣಿಗೆಗೆ ಕಲಂ ಮತ್ತು ನಮೂನೆಗಳ ಸಂಖ್ಯೆಯನ್ನು ಲೆಕ್ಕ ಪರಿಶೋಧಕರ ಹತ್ತಿರ ಕೇಳಿಕೊಳ್ಳಬೇಕು.

ಮೊದಲು ಬೇಡಿದ್ದು ಏನು

ಆಡಳಿತ ಮಂಡಳಿಯ ಮೊದಲ ಬೇಡಿಕೆ ಸ್ಲ್ಯಾಬಿನ ಮೇಲೆ ಎರಡು ಹೊಸ ಕೊಠಡಿ, ಮುಂದೆ ಒಂದು ಕಮಾನು. ಅಂದಾಜು 25 ಲಕ್ಷ ರೂಪಾಯಿ. ಒಂದು ಹಾಳೆಯ ಮೇಲೆ ಮೂರು ಸಾಲು ಬರೆದದ್ದು. ಅಳತೆ ಇಲ್ಲ, ದರ ಇಲ್ಲ, ಜಿಎಸ್‌ಟಿ ಸೇರಿದೆಯೋ ಇಲ್ಲವೋ ತಿಳಿಯದು. ಹೊಸ ಕೊಠಡಿಗೆ ದಾನಿಗಳು ಬೇಗ ಒಪ್ಪುತ್ತಾರೆ, ಬಾಗಿಲ ಮೇಲೆ ಹೆಸರು ಬರೆಸಬಹುದು. ಸೋರುವ ಮಾಳಿಗೆಗೆ, ಪಾಯಖಾನೆಗೆ ಹೆಸರು ಹಾಕಿಸಿಕೊಳ್ಳುವವರು ಕಡಿಮೆ. ಬಹಳ ಶಾಲೆಗಳಲ್ಲಿ ದೇಣಿಗೆ ದಾರಿ ತಪ್ಪುವುದು ಇಲ್ಲಿಯೇ.

ಈ ಶಾಲೆಯನ್ನು ಉಳಿಸಿದ್ದು ದಾನಿಗಳ ಒಂದು ಷರತ್ತು. ರೂಪಾಯಿ ಕೊಡುವ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಬೇಕು, ಅವರ ಫೀಜು ಗುತ್ತಿಗೆದಾರ ಕೊಡಬಾರದು. ಫೀಜು 30,000 ರೂಪಾಯಿ. ಇಡೀ ಕೆಲಸದಲ್ಲಿ ಇದಕ್ಕಿಂತ ಸದುಪಯೋಗವಾದ ದುಡ್ಡು ಬೇರೆಯಿಲ್ಲ.

ಎಂಜಿನಿಯರ್ ಮೊದಲು ಗೋಡೆಯ ಬುಡದಲ್ಲಿ ನಾಲ್ಕು ಅಡಿ ಪರೀಕ್ಷಾ ಗುಂಡಿ ತೋಡಿಸಿದರು. ಬುನಾದಿ ಮೂರು ಅಡಿಗೆ ಮುಗಿದಿತ್ತು. ಮಣ್ಣಿನ ಗಾರೆಯಲ್ಲಿ ಕಟ್ಟಿದ ಕಾಡುಗಲ್ಲು, ಕೆಳಗೆ ಮೊರಮ್ (ಗರಸು ಮಣ್ಣು) ಇಲ್ಲ, ನೇರ ಕರಿ ಮಣ್ಣು. ಎರೆ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಾಯಿ ಬಿಡುತ್ತದೆ. ಇಂಥ ಮಣ್ಣಿನ ಆಳವಾದ ಪದರದಲ್ಲಿ ಅಂಡರ್-ರೀಮ್ಡ್ ಪೈಲ್ (ಬುಡದ ಹತ್ತಿರ ಉಬ್ಬು ಇರುವ ಕಾಂಕ್ರೀಟ್ ಕಂಬ) ಹಾಕುವಾಗ ಭಾರತೀಯ ಮಾನಕ ಕೇಳುವ ಕನಿಷ್ಠ ಆಳ 3.5 ಮೀಟರ್. ಋತುಮಾನಕ್ಕೆ ತಕ್ಕಂತೆ ಆಡುವ ಪದರದ ಕೆಳಗೆ ಕಾಲೂರಬೇಕು ಎಂಬುದೇ ಇದರ ಉದ್ದೇಶ. ಮೂರು ಅಡಿಯ ಬುನಾದಿ ಆ ಪದರದ ಹೊಟ್ಟೆಯಲ್ಲೇ ಕೂತಿದೆ. ಇದರ ಮೇಲೆ ಇನ್ನೊಂದು ಮಹಡಿ ಏರಿಸುವುದು ಮಕ್ಕಳ ತಲೆಯ ಮೇಲೆ ಏರಿಸಿದ ಹಾಗೆ. ಮಹಡಿಯ ಮಾತು ಅಲ್ಲಿಗೆ ನಿಂತಿತು.

ಮಾಳಿಗೆ ಏಕೆ ಸೋರುತ್ತಿತ್ತು

ಸ್ಲ್ಯಾಬಿನ ಅಳತೆ: 20 ಅಡಿಗೆ 25 ಅಡಿಯ ನಾಲ್ಕು ಕೊಠಡಿ ಸಾಲಾಗಿ, ಮುಂದೆ 8 ಅಡಿ ಪಡಸಾಲೆ. ಒಟ್ಟು 2,800 ಚದರ ಅಡಿ, ಅಂದರೆ 260 ಚದರ ಮೀಟರ್. ಇಷ್ಟು ಮಾಳಿಗೆಗೆ ಮಳೆನೀರಿನ ಪೈಪು ಮೂರೇ. ಗಂಟೆಗೆ 100 ಮಿ.ಮೀ. ರಭಸದ ಮಳೆಗೆ 100 ಮಿ.ಮೀ. ಪೈಪೊಂದು ಇಳಿಸಬಲ್ಲದ್ದು ಸುಮಾರು 40 ಚದರ ಮೀಟರಿನ ನೀರನ್ನು. ಲೆಕ್ಕಕ್ಕೆ ಏಳು ಪೈಪು ಬೇಕು. ಇದ್ದ ಮೂರರಲ್ಲಿ ಒಂದರ ಬಾಯಿ ಬೇವಿನ ಎಲೆಯಿಂದ ಕಟ್ಟಿತ್ತು. ನೀರು ನಿಂತಲ್ಲೇ ನಿಂತು ಇಂಗುತ್ತಿತ್ತು.

ಇನ್ನೊಂದು ಕಾರಣ ಹಿಂದೆ ಮಾಡಿದ ರಿಪೇರಿಗಳೇ. ಸೋರಿದಾಗಲೆಲ್ಲ ಹಳೆಯದರ ಮೇಲೆ ಇನ್ನೊಂದು ಪದರ ಇಟ್ಟಂಗಿ ಚೂರು, ಸಿಮೆಂಟು ಹಾಕುತ್ತ ಬಂದಿದ್ದರು. ನಾಲ್ಕು ಇಂಚು ದಪ್ಪದ ಇಂಥ ಪದರ ಚದರ ಮೀಟರಿಗೆ 190ರಿಂದ 200 ಕೆ.ಜಿ. ತೂಗುತ್ತದೆ, 260 ಚದರ ಮೀಟರಿಗೆ ಹೆಚ್ಚು ಕಡಿಮೆ 50 ಟನ್. ಜನ ಓಡಾಡುವ ಮಾಳಿಗೆಗೆ ವಿನ್ಯಾಸದಲ್ಲಿ ಹಿಡಿಯುವ ಓಡಾಟದ ಹೊರೆ ಚದರ ಮೀಟರಿಗೆ ಸುಮಾರು 150 ಕೆ.ಜಿ. ಮಾತ್ರ. ಸೋರಿಕೆ ನಿಲ್ಲಿಸಲು ಹಾಕಿದ ಭಾರವೇ ಸ್ಲ್ಯಾಬನ್ನು ಬಾಗಿಸಿ, ಬಾಗಿದಲ್ಲಿ ಮತ್ತೆ ನೀರು ನಿಂತು, ಒಳಗಿನ ಕಬ್ಬಿಣದ ಸಳಿಗೆ ತುಕ್ಕು ಹಿಡಿಸಿತು. ತುಕ್ಕು ಹಿಡಿದ ಸಳಿ ಉಬ್ಬುತ್ತದೆ, ಕೆಳಗಿನ ಕಾಂಕ್ರೀಟನ್ನು ತಳ್ಳಿ ಉದುರಿಸುತ್ತದೆ. ಐದನೇ ತರಗತಿಯ ಕೊಠಡಿಯಲ್ಲಿ ಕೋಲಿನ ತುದಿಗೆ ಸುತ್ತಿಗೆ ಕಟ್ಟಿ ಸ್ಲ್ಯಾಬಿನ ಕೆಳಮೈಯನ್ನು ತಟ್ಟುತ್ತ ಹೋದರೆ ಗಟ್ಟಿ ಜಾಗ ‘ಠಣ್’ ಅನ್ನುತ್ತದೆ, ಬಿಟ್ಟುಕೊಂಡ ಜಾಗ ಮಡಕೆಯ ಹಾಗೆ ‘ಡಬ್’ ಅನ್ನುತ್ತದೆ. ‘ಡಬ್’ ಅಂದಲ್ಲೆಲ್ಲ ಸೀಮೆಸುಣ್ಣದಿಂದ ಗೆರೆ ಎಳೆದು ಅಳೆದಾಗ 180 ಚದರ ಅಡಿ ಬಂತು. ಆ ಕೊಠಡಿಯನ್ನು ಅದೇ ದಿನ ಬೀಗ ಹಾಕಿ ಮಕ್ಕಳನ್ನು ಪಡಸಾಲೆಗೆ ಕೂರಿಸಿದ್ದು ಸರಿಯಾದ ನಿರ್ಧಾರ. ಇಂಥದ್ದಕ್ಕೆ ರಜೆ ಬರುವವರೆಗೆ ಕಾಯಬಾರದು.

ಗೋಡೆಯ ಬಿರುಕಿನ ಕಥೆ ಬೇರೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರಿದ ನಾಲ್ಕು ಬಿರುಕು. ಒಂದೊಂದರ ಮೇಲೂ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಇಟ್ಟು, ಎರಡೂ ತುದಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿ, ತಾರೀಖು ಬರೆದರು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. ಅಕ್ಟೋಬರ್ ಕೊನೆಗೆ ಇಟ್ಟವು ಫೆಬ್ರುವರಿ ಹೊತ್ತಿಗೆ ನಾಲ್ಕೂ ಒಡೆದಿದ್ದವು. ಮಣ್ಣು ಒಣಗುತ್ತ ಗೋಡೆ ಇನ್ನೂ ಸರಿಯುತ್ತಿದೆ ಎಂದಾಯಿತು. ಆಡಳಿತ ಮಂಡಳಿ ಗಿಲಾವು ಮಾಡಿಸಿ ಬಣ್ಣ ಹೊಡೆಸಲು ಹೊರಟಾಗ ತಡೆದದ್ದು ಊರಿನ ಗವಂಡಿಯೇ (ಗಾರೆ ಕೆಲಸದವ): “ಸರ, ಕರಿ ಮಣ್ಣು ಅದರಿ. ಬ್ಯಾಸಿಗ್ಯಾಗ ಬಿರುಕು ತುಂಬಿದ್ರ ಶ್ರಾವಣದಾಗ ಉಬ್ಬಿ ಉದುರತದ. ಮೊದಲ ನೀರು ದೂರ ಮಾಡ್ರಿ.” ಎಂಜಿನಿಯರ್ ವರದಿಯ ಸಾರವೂ ಇದೇ. ಮಾಳಿಗೆಯ ಪೈಪುಗಳು ಗೋಡೆಯ ಬುಡಕ್ಕೇ ನೀರು ಸುರಿಯುತ್ತಿದ್ದವು, ಪಾಯಖಾನೆಯ ಇಂಗುಗುಂಡಿ ಈಶಾನ್ಯ ಮೂಲೆಯಿಂದ ಆರೇ ಅಡಿ ದೂರವಿತ್ತು. ಒಂದು ಮೂಲೆ ಸದಾ ಹಸಿ, ಉಳಿದದ್ದು ಒಣ. ಗೋಡೆ ಸೀಳದೆ ಇನ್ನೇನು ಮಾಡೀತು.

ನೆಲ ಯಾರ ಹೆಸರಿನಲ್ಲಿದೆ

ಕಟ್ಟಡಕ್ಕೆ ಕೊಡುವ ದೇಣಿಗೆಯಲ್ಲಿ ದಾನಿ ಕೇಳಲೇಬೇಕಾದ, ಕೇಳಲು ಸಂಕೋಚಪಡುವ ಪ್ರಶ್ನೆ ಇದು. ಶಾಲೆ ನಡೆಸುವುದು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ನೋಂದಾಯಿಸಿದ ಸಂಸ್ಥೆ. ಪಹಣಿ ತೆಗೆಸಿದರೆ ಜಾಗ ಸಂಸ್ಥಾಪಕರ ಸ್ವಂತ ಹೆಸರಿನಲ್ಲಿತ್ತು. ಅವರು ಬಾಡಿಗೆ ಕೇಳಿದವರಲ್ಲ, ಒಳ್ಳೆಯ ಮನಸ್ಸಿನಿಂದಲೇ ಬಿಟ್ಟುಕೊಟ್ಟವರು. ಆದರೆ ನೆಲ ಅವರದಾದರೆ ನಾಳೆ ಪಾಲು ಬೀಳುವಾಗ ಅದರ ಮೇಲಿನ ಗೋಡೆ, ಮಾಳಿಗೆ ಎಲ್ಲ ಅವರ ಮಕ್ಕಳಿಗೆ ಹೋಗುತ್ತದೆ. ಇನ್ನೊಂದು ಅಪಾಯ ತೆರಿಗೆಯದು: ಧರ್ಮಾರ್ಥ ಸಂಸ್ಥೆಯ ಹಣದಿಂದ ಸಂಸ್ಥಾಪಕರಿಗೋ ಅವರ ಹತ್ತಿರದವರಿಗೋ ಲಾಭವಾದರೆ ಆದಾಯ ತೆರಿಗೆ ಕಾಯ್ದೆಯ ಕಲಂ 13ರ ಪ್ರಕಾರ ಸಂಸ್ಥೆಯ ತೆರಿಗೆ ವಿನಾಯಿತಿಗೇ ಕುತ್ತು.

ದಾನಪತ್ರ ಮಾಡಿಸಿದರೆ ಉತ್ತಮ, ಆದರೆ ಮುದ್ರಾಂಕ ಶುಲ್ಕದ ಹೊರೆ ಇಲ್ಲಿ ತಡೆಯಾಯಿತು. ದೀರ್ಘಾವಧಿಯ ನೋಂದಾಯಿತ ಗುತ್ತಿಗೆ ಪತ್ರಕ್ಕೆ ಎರಡೂ ಕಡೆ ಒಪ್ಪಿದರು. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. ನೂರು ರೂಪಾಯಿ ಛಾಪಾ ಕಾಗದದ ಮೇಲಿನ ಕರಾರಿಗೆ ಇಲ್ಲಿ ಬೆಲೆಯಿಲ್ಲ. ಅವಧಿ ಮುಗಿಯುವ ಮೊದಲು ಬಿಡಿಸಿದರೆ ದೇಣಿಗೆಯಿಂದ ಆದ ಕಾಮಗಾರಿಯ ಆಗಿನ ಬೆಲೆಯನ್ನು ಸಂಸ್ಥೆಗೆ ಕೊಡಬೇಕು, ವಾರಸುದಾರರೂ ಇದಕ್ಕೆ ಬದ್ಧರು ಎಂಬ ಎರಡು ವಾಕ್ಯಗಳನ್ನು ದಾನಿಗಳು ಹಟ ಹಿಡಿದು ಸೇರಿಸಿದರು. ಋಣಭಾರ ಪ್ರಮಾಣಪತ್ರ ತೆಗೆಸಿ ಜಾಗದ ಮೇಲೆ ಸಾಲವಿಲ್ಲ ಎಂದು ನೋಡಿಕೊಂಡರು. ಕೃಷಿಯೇತರ ಬಳಕೆಯ (ಎನ್.ಎ.) ಆದೇಶವೂ ಪಂಚಾಯಿತಿಯ ಇ-ಸ್ವತ್ತಿನ ನಮೂನೆಯೂ ಕಡತದಲ್ಲಿದ್ದವು. ಇದಕ್ಕೇ ಜನವರಿ ಪೂರ್ತಿ ಹೋಯಿತು.

‘ಡೊನೇಷನ್’ ಮತ್ತು ದೇಣಿಗೆ

ನಮ್ಮಲ್ಲಿ ‘ಡೊನೇಷನ್’ ಎಂದರೆ ಸೀಟಿಗೆ ಕೊಡುವ ದುಡ್ಡು ಎಂದೇ ಅರ್ಥ. ಆ ಕೆಟ್ಟ ಅರ್ಥ ನಿಜವಾದ ದೇಣಿಗೆಗೂ ಅಂಟಿಕೊಂಡಿದೆ, ಅದಕ್ಕೇ ಗೆರೆ ಸ್ಪಷ್ಟವಿರಬೇಕು. ಶಿಕ್ಷಣ ಹಕ್ಕು ಕಾಯ್ದೆ 2009ರ ಕಲಂ 13ರ ಪ್ರಕಾರ ಪ್ರವೇಶಕ್ಕೆ ಕ್ಯಾಪಿಟೇಷನ್ ಶುಲ್ಕ ಪಡೆಯುವುದು ಅಪರಾಧ. ದಂಡ ಪಡೆದ ಮೊತ್ತದ ಹತ್ತು ಪಟ್ಟಿನವರೆಗೆ. ಕರ್ನಾಟಕದಲ್ಲಿ ಇದಕ್ಕೆ 1984ರಿಂದಲೇ ಪ್ರತ್ಯೇಕ ನಿಷೇಧ ಕಾಯ್ದೆ ಇದೆ. ಕಟ್ಟಡದ ಕೆಲಸ ನಡೆಯುವ ಏಪ್ರಿಲ್-ಮೇ ತಿಂಗಳೇ ಪ್ರವೇಶದ ಕಾಲವೂ ಆದ್ದರಿಂದ ಸಂಶಯಕ್ಕೆ ಎಡೆ ಜಾಸ್ತಿ. ಸಂಸ್ಥೆ ಠರಾವು ಮಾಡಿತು: ಪ್ರವೇಶದ ಅರ್ಜಿ ಬಾಕಿ ಇರುವ ಮನೆಯವರಿಂದ ಆ ವರ್ಷ ಒಂದು ರೂಪಾಯಿಯನ್ನೂ ಪಡೆಯಕೂಡದು; ಶುಲ್ಕದ ರಸೀದಿ ಪುಸ್ತಕ ಬೇರೆ, ದೇಣಿಗೆಯ ರಸೀದಿ ಪುಸ್ತಕ ಬೇರೆ, ಬ್ಯಾಂಕ್ ಖಾತೆಯೂ ಬೇರೆ. ಕಲಿಯುತ್ತಿರುವ ಮಕ್ಕಳ ತಂದೆತಾಯಿಗೆ ‘ಬಿಲ್ಡಿಂಗ್ ಫಂಡ್’ ಎಂದು ಕಡ್ಡಾಯ ಮಾಡುವ ಸಲಹೆಯೂ ಬಂದಿತ್ತು. ಅದನ್ನು ಕೈಬಿಟ್ಟದ್ದು ಒಳ್ಳೆಯದಾಯಿತು. ಕಡ್ಡಾಯವಾದ ಕ್ಷಣವೇ ಅದು ದೇಣಿಗೆಯಾಗಿ ಉಳಿಯುವುದಿಲ್ಲ.

ಹಣ ಬಂದ ಬಗೆ

ವಾಗ್ದಾನ ಬಂದದ್ದು 14,80,000 ರೂಪಾಯಿ. ಹಳೆಯ ವಿದ್ಯಾರ್ಥಿಗಳ ಒಂದು ಬ್ಯಾಚು 6 ಲಕ್ಷ, ಕಲಬುರಗಿಯ ಬೇಳೆ ಕಾರ್ಖಾನೆಯ ಮಾಲೀಕರೊಬ್ಬರು 3 ಲಕ್ಷ, ಬೆಂಗಳೂರಿನ ದಂಪತಿ 2.5 ಲಕ್ಷ, ದುಬೈನಲ್ಲಿ ಕೆಲಸ ಮಾಡುವವರು 1 ಲಕ್ಷ, ಅಮೆರಿಕದ ಪೌರತ್ವ ಪಡೆದವರು 1.5 ಲಕ್ಷ, ಊರಿನವರು ಮತ್ತು ಶಿಕ್ಷಕರು 80 ಸಾವಿರ. ಕೈಗೆ ಬಂದದ್ದು 12,80,000.

ಬ್ಯಾಚಿನ 46 ಮಂದಿಯಲ್ಲಿ 41 ಮಂದಿ ಕೊಟ್ಟರು. 50 ಸಾವಿರ ಕಡಿಮೆ. ಇದು ಸಹಜ, ವಾಗ್ದಾನದ ಮೇಲೆ ಗುತ್ತಿಗೆ ಕೊಡಬಾರದು. ಅಮೆರಿಕದ 1.5 ಲಕ್ಷವನ್ನು ಸಂಸ್ಥೆ ಬೇಡವೆಂದಿತು. ವಿದೇಶಿ ಪೌರತ್ವ ಪಡೆದವರು, ಸಾಗರೋತ್ತರ ಭಾರತೀಯರ ಓಸಿಐ ಕಾರ್ಡ್ ಇದ್ದರೂ, ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ 2010ರ ಲೆಕ್ಕದಲ್ಲಿ ವಿದೇಶಿ ಮೂಲವೇ. ಆ ಕಾಯ್ದೆಯಡಿ ನೋಂದಣಿಯೋ ಪೂರ್ವಾನುಮತಿಯೋ ಇಲ್ಲದೆ, ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ನಿಗದಿತ ಖಾತೆ ಇಲ್ಲದೆ ಆ ಹಣ ಮುಟ್ಟುವಂತಿಲ್ಲ. “ನನ್ನ ತಮ್ಮನ ಖಾತೆಗೆ ಹಾಕತೀನಿ, ಅವನು ಕೊಡಲಿ” ಎಂಬ ದಾರಿಯೂ ಬೇಡ. ಕೈ ಬದಲಾದರೂ ಹಣದ ಮೂಲ ಬದಲಾಗುವುದಿಲ್ಲ. ದುಬೈನವರದು ಭಾರತೀಯ ಪಾಸ್‌ಪೋರ್ಟ್, ಸ್ವಂತ ಸಂಬಳ, ಬ್ಯಾಂಕ್ ಮೂಲಕ ಬಂದದ್ದು. ಅದು ವಿದೇಶಿ ವಂತಿಗೆಯಲ್ಲ. ಪಾಸ್‌ಪೋರ್ಟಿನ ಪ್ರತಿ ಕಡತಕ್ಕೆ ಸೇರಿತು.

ಬೇಳೆ ಕಾರ್ಖಾನೆಯವರು ನಗದು ಕೊಡಲು ಬಂದಿದ್ದರು. ಒಬ್ಬರಿಂದ 2 ಲಕ್ಷ ಅಥವಾ ಹೆಚ್ಚು ನಗದು ಪಡೆದರೆ ಕಲಂ 269ಎಸ್‌ಟಿ ಉಲ್ಲಂಘನೆ. ಪಡೆದವರಿಗೆ ಅಷ್ಟೇ ಮೊತ್ತದ ದಂಡ. ದಾನಿಗೆ ಸಿಗುವ 80ಜಿ ತೆರಿಗೆ ರಿಯಾಯಿತಿಗಂತೂ 2,000 ರೂಪಾಯಿ ಮೀರಿದ ನಗದು ಲೆಕ್ಕಕ್ಕೇ ಬಾರದು. ಆರ್‌ಟಿಜಿಎಸ್ ಮಾಡಿಸಿದರು. ಅವರೇ ಮೇಲೆ 200 ಚೀಲ ಸಿಮೆಂಟು ಕಳಿಸುತ್ತೇನೆಂದರು. ಸೇಡಂ, ವಾಡಿ ಕಡೆ ಸಿಮೆಂಟು ಕಾರ್ಖಾನೆಗಳು ಹತ್ತಿರ, ಹಾಗಾಗಿ ಈ ಭಾಗದಲ್ಲಿ ಸಿಮೆಂಟು ದಾನ ಮಾಮೂಲು. ಆದರೆ ವಸ್ತುರೂಪದ ದಾನಕ್ಕೆ 80ಜಿ ಇಲ್ಲ, ಗುತ್ತಿಗೆಯ ದರದಲ್ಲಿ ಸಿಮೆಂಟು ಸೇರಿಯೇ ಇರುತ್ತದೆ, ಮೂರು ತಿಂಗಳು ದಾಟಿದ ಚೀಲವನ್ನು ಪರೀಕ್ಷೆ ಮಾಡಿಸದೆ ಬಳಸಬಾರದು. ಕೃತಜ್ಞತೆಯಿಂದಲೇ ಬೇಡವೆಂದರು.

ಬೆಂಗಳೂರಿನ ದಂಪತಿಗೆ ತೆರಿಗೆ ರಿಯಾಯಿತಿ ಎಷ್ಟು? 80ಜಿ ಪ್ರಕಾರ ಕೊಟ್ಟದ್ದರ ಅರ್ಧ, ಅದೂ ಹೊಂದಾಣಿಕೆ ಮಾಡಿದ ಒಟ್ಟು ಆದಾಯದ ಶೇ 10ರ ಮಿತಿಯೊಳಗಿನ ದೇಣಿಗೆಗೆ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಏನೂ ಇಲ್ಲ. ಇದನ್ನು ಮೊದಲೇ ಹೇಳದೆ “80ಜಿ ಐತಿ” ಎಂದಷ್ಟೇ ಹೇಳಿ ಹಣ ಪಡೆದ ಶಾಲೆಗಳು ರಿಟರ್ನ್ ಸಲ್ಲಿಸುವ ಜುಲೈಯಲ್ಲಿ ದಾನಿಗಳ ಬೇಸರ ಎದುರಿಸುತ್ತವೆ. ದಾನಿಗೆ ಬೇಕಾದ್ದು ಶಾಲೆಯ ರಸೀದಿ ಮಾತ್ರವಲ್ಲ. ಸಂಸ್ಥೆ ಮುಂದಿನ ಮೇ 31ರೊಳಗೆ ದಾನಿಗಳ ವಿವರದ ನಮೂನೆ 10ಬಿಡಿಯನ್ನು ತೆರಿಗೆ ಇಲಾಖೆಗೆ ಸಲ್ಲಿಸಿ, ಅದರಿಂದ ಬರುವ 10ಬಿಇ ಪ್ರಮಾಣಪತ್ರ ಕೊಡಬೇಕು. ತಡವಾದರೆ ಸಂಸ್ಥೆಗೆ ದಿನಕ್ಕೆ 200 ರೂಪಾಯಿ ಶುಲ್ಕ. ಪ್ಯಾನ್ ಸಂಖ್ಯೆಯ ಒಂದು ಅಕ್ಷರ ತಪ್ಪಿದರೂ ಆ ದಾನಿಗೆ ಪ್ರಮಾಣಪತ್ರ ಹೊಂದುವುದಿಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರೇ ಎಲ್ಲರ ಹಣ ಕೂಡಿಸಿ ಒಂದೇ ಸಲ ಕಳಿಸಿದರೆ ದೇಣಿಗೆ ಅವರೊಬ್ಬರದಾಗಿ ತೋರುತ್ತದೆ; 41 ಮಂದಿಯೂ ತಮ್ಮ ತಮ್ಮ ಖಾತೆಯಿಂದಲೇ ಹಾಕಬೇಕು. ಹೆಸರು, ವಿಳಾಸ ದಾಖಲಾಗದ ದೇಣಿಗೆಗೆ, ಮಿತಿ ಮೀರಿದರೆ, ಸಂಸ್ಥೆ ಶೇ 30ರ ದರದಲ್ಲಿ ತೆರಿಗೆ ಕಟ್ಟಬೇಕಾಗುತ್ತದೆ.

ಪತ್ರದಲ್ಲಿ ಒಂದು ತಪ್ಪು ಪದ

ದಂಪತಿ ಕಳಿಸಿದ ದೇಣಿಗೆ ಪತ್ರದಲ್ಲಿ “ಕಾರ್ಪಸ್ ನಿಧಿಗೆ” ಎಂದಿತ್ತು, ಎಲ್ಲಿಂದಲೋ ನಕಲು ಮಾಡಿದ ಮಾದರಿ. ಕಾರ್ಪಸ್ ಎಂದು ಬರೆದರೆ ಅದು ಮೂಲನಿಧಿ. ಕಾನೂನು ಹೇಳಿದ ಹೂಡಿಕೆಯಲ್ಲಿ ಪ್ರತ್ಯೇಕವಾಗಿ ಇಡಬೇಕು. ಅದರಿಂದ ಮಾಳಿಗೆ ರಿಪೇರಿ ಮಾಡಿಸಿದರೆ ಧರ್ಮಾರ್ಥ ವಿನಿಯೋಗವೆಂದು ಆಗ ಲೆಕ್ಕಕ್ಕೆ ಹಿಡಿಯುವುದಿಲ್ಲ, ಮೂಲನಿಧಿಗೆ ಹಣ ಮರಳಿ ತುಂಬಿದ ಮೇಲೆಯೇ. ಪತ್ರ ಹಿಂದಕ್ಕೆ ಕಳಿಸಿ ಹೀಗೆ ಬರೆಸಿಕೊಂಡರು: “ಈ ಮೊತ್ತವನ್ನು ಶಾಲೆಯ ಮಾಳಿಗೆ, ಶೌಚಾಲಯ ಮತ್ತು ವಿದ್ಯುತ್ ಕಾಮಗಾರಿಗೆ ಮಾತ್ರ ಬಳಸತಕ್ಕದ್ದು. ಉಳಿದರೆ ನಮ್ಮ ಒಪ್ಪಿಗೆ ಪಡೆದು ಶಾಲೆಯ ಇತರ ಕಟ್ಟಡ ಕೆಲಸಕ್ಕೆ ಬಳಸಬಹುದು.” ಎರಡನೇ ವಾಕ್ಯ ಇಲ್ಲದಿದ್ದರೆ ಉಳಿದ ಹಣ ವರ್ಷಗಟ್ಟಲೆ ಹಾಗೇ ಕೂರುತ್ತದೆ.

ಕಾಲದ ತೊಡಕೂ ಇತ್ತು. ತೆರಿಗೆಯ ಸಲುವಾಗಿ ದಾನಿಗಳು ಮಾರ್ಚ್ ಕೊನೆಯ ವಾರದಲ್ಲಿ ಹಣ ಹಾಕುತ್ತಾರೆ. ಕೆಲಸ ಏಪ್ರಿಲ್ ರಜೆಗೆ. ಸಂಸ್ಥೆ ತನ್ನ ಆದಾಯದ ಶೇ 85ರಷ್ಟನ್ನು ಅದೇ ವರ್ಷ ವಿನಿಯೋಗಿಸಬೇಕು. ಮಾರ್ಚ್ 31ರೊಳಗೆ ಬಂದ 7 ಲಕ್ಷವನ್ನು ಮುಂದಿನ ವರ್ಷ ಖರ್ಚು ಮಾಡುವುದಾಗಿ ನಮೂನೆ 9ಎ ಮೂಲಕ ತಿಳಿಸಿದರು. ಹೆಚ್ಚು ವರ್ಷ ಬೇಕಿದ್ದರೆ ನಮೂನೆ 10, ಐದು ವರ್ಷದವರೆಗೆ. ಇದನ್ನು ಮರೆತರೆ ದೇಣಿಗೆಯ ಮೇಲೆಯೇ ತೆರಿಗೆ ಬೀಳಬಹುದು.

ಹಣಕ್ಕೆ ತಕ್ಕ ಕೆಲಸ

ಎಂಜಿನಿಯರ್ ಪಟ್ಟಿ ಹೀಗಿತ್ತು. ಮಾಳಿಗೆ 2,800 ಚದರ ಅಡಿ, ಅಡಿಗೆ 90ರಂತೆ 2,52,000. ಸ್ಲ್ಯಾಬಿನ ಕೆಳಮೈ 180 ಚದರ ಅಡಿ, 450ರಂತೆ 81,000. ಶೌಚಾಲಯ, ನೀರಿನ ಟ್ಯಾಂಕು, ಸೆಪ್ಟಿಕ್ ಟ್ಯಾಂಕು ಸೇರಿ 4,60,000. ಗೋಡೆಯ ಸುತ್ತ ಕಟ್ಟೆ ಮತ್ತು ಚರಂಡಿ 1,30,000. ವೈರಿಂಗ್ 1,10,000. ಎರಡು ಪತ್ರಾಸ್ ಕೊಠಡಿಗೆ ಬಿಸಿಲಿನ ಕಾವು ತಡೆಯುವ ಪಫ್ ಪ್ಯಾನೆಲ್ 1,60,000. ಕೂಡಿದರೆ 11,93,000, ಶೇ 18 ಜಿಎಸ್‌ಟಿ ಸೇರಿ 14,07,740. ಮೊದಲ ಅಂದಾಜಿನಲ್ಲಿ ಜಿಎಸ್‌ಟಿ ಬಿಟ್ಟಿರುತ್ತಾರೆ, ಕೊರತೆ ಬೀಳುವುದು ಅಲ್ಲೇ. ಶಾಲೆಗೆ ಆ ತೆರಿಗೆ ವಾಪಸು ಸಿಗುವುದಿಲ್ಲ.

ಪಫ್ ಪ್ಯಾನೆಲ್ ಮುಂದಿನ ವರ್ಷಕ್ಕೆ ಹೋಯಿತು. ಉಳಿದ 10,33,000ಕ್ಕೆ ಜಿಎಸ್‌ಟಿ 1,85,940 ಸೇರಿ 12,18,940. ಎಂಜಿನಿಯರ್ ಫೀಜು 30,000. ಕೈಯಲ್ಲಿ 31,060 ಉಳಿಯಿತು. ಪತ್ರಾಸಿಗೆ ಆ ಬೇಸಿಗೆಗೆ ಸುಣ್ಣ ಬಳಿದರು. ಸುಣ್ಣವೂ ಬಿಸಿಲನ್ನು ಸಾಕಷ್ಟು ತಿರುಗಿಸುತ್ತದೆ, ಆದರೆ ಪ್ರತಿ ವರ್ಷ ಬಳಿಯಬೇಕು.

“ಬಿಲ್ ಬ್ಯಾಡ ಅಂದ್ರ 18 ಪರ್ಸೆಂಟ್ ಉಳೀತದ” ಎಂದ ಗುತ್ತಿಗೆದಾರನನ್ನು ಬಿಟ್ಟು, ಬಿಲ್ ಕೊಡುವವರನ್ನು ಆರಿಸಿದರು. ಸಂಸ್ಥೆ ಪಾವತಿಸುವಾಗಲೇ ತೆರಿಗೆ (ಟಿಡಿಎಸ್) ಹಿಡಿಯಬೇಕು. ಗುತ್ತಿಗೆದಾರ ಒಬ್ಬ ವ್ಯಕ್ತಿಯಾದರೆ ಶೇ 1, ಇಲ್ಲಿ 10,330 ರೂಪಾಯಿ. ಹಿಡಿಯದಿದ್ದರೆ ಆ ಪಾವತಿಯ ಶೇ 30 ಭಾಗ ವಿನಿಯೋಗದ ಲೆಕ್ಕದಿಂದ ಹೊರಬೀಳುತ್ತದೆ. ಒಬ್ಬರಿಗೆ ಒಂದೇ ದಿನ 10,000 ಮೀರಿ ನಗದು ಕೊಟ್ಟರೆ ಆ ಪಾವತಿ ಪೂರ್ತಿಯೇ ಹೊರಬೀಳುತ್ತದೆ. ಮುಂಗಡ ಶೇ 10. ಆಮೇಲೆ ಅಳತೆ ಪುಸ್ತಕದಲ್ಲಿ ಎಂಜಿನಿಯರ್ ಬರೆದಷ್ಟಕ್ಕೆ ಮಾತ್ರ ಹಣ. ಶೇ 5, ಅಂದರೆ 51,650 ರೂಪಾಯಿ, ದೀಪಾವಳಿಯವರೆಗೆ ತಡೆಹಿಡಿಯುವುದು. ಕಲಬುರಗಿ ಕಡೆ ಜೋರು ಮಳೆ ಸೆಪ್ಟೆಂಬರಿನಲ್ಲಿ. ಜೂನ್ ಮಳೆ ನೋಡಿ ಹಣ ಬಿಟ್ಟರೆ ಪ್ರಯೋಜನವಿಲ್ಲ.

ನಲವತ್ತೆಂಟು ದಿನ

ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯ ವಾರದವರೆಗೆ ರಜೆ, ಕೆಲಸಕ್ಕೆ 48 ದಿನ. ಮೊದಲ ಹದಿನೈದು ದಿನ ಮಾಳಿಗೆಯ ಹಳೆಯ ಪದರ ಕಿತ್ತು ಇಳಿಸುವುದರಲ್ಲೇ ಹೋಯಿತು. ಕಿತ್ತದ್ದನ್ನು ಮಾಳಿಗೆಯ ಒಂದೇ ಕಡೆ ರಾಶಿ ಹಾಕಬಾರದು, ಅಂದಂದೇ ಕೆಳಗಿಳಿಸಬೇಕು. ಬಿರುಕುಗಳನ್ನು 10 ಮಿ.ಮೀ. ಅಗಲಿಸಿ ಪಾಲಿಮರ್ ಗಾರೆ ತುಂಬಿ, ಇಳಿಜಾರು ಕೊಟ್ಟರು. ನೂರಕ್ಕೆ ಒಂದರ ಇಳಿಜಾರು. 28 ಅಡಿ ಅಗಲವನ್ನು ನಡುವೆ ದಿಬ್ಬ ಮಾಡಿ ಎರಡಾಗಿ ಒಡೆದರೆ 14 ಅಡಿಗೆ ಒಂದೂಮುಕ್ಕಾಲು ಇಂಚು ಇಳಿದರೆ ಸಾಕು, ಭಾರವೂ ಕಡಿಮೆ. ಮಾಳಿಗೆಯ ಅಂಚಿನ ಕೈಪಿಡಿ ಗೋಡೆ (ಪ್ಯಾರಪೆಟ್) ಮಾಳಿಗೆಗೆ ಕೂಡುವ ಮೂಲೆಯನ್ನು ದುಂಡಗೆ ಮೆತ್ತಬೇಕು. ಚೂಪು ಮೂಲೆಯಲ್ಲೇ ಲೇಪ ಮೊದಲು ಸೀಳುತ್ತದೆ. ಜಾಲರಿ ಸೇರಿಸಿದ ಎರಡು ಕೈ ಜಲನಿರೋಧಕ ಲೇಪ, ಅದರ ಮೇಲೆ ಬಿಳಿ ಟೈಲ್ಸ್ ಚೂರು. ನಾಲ್ಕು ಹೊಸ ಪೈಪು ಸೇರಿ ಏಳಾದವು.

ಗಾರೆ ಕೆಲಸಕ್ಕೆ ಕಲಬುರಗಿಯ ಮೇ ತಿಂಗಳು ಕೆಟ್ಟ ಕಾಲ. 42 ಡಿಗ್ರಿಯಲ್ಲಿ ಬೆಳಿಗ್ಗೆ ಹಾಕಿದ್ದು ಮಧ್ಯಾಹ್ನಕ್ಕೆ ಬಿರಿಯುತ್ತದೆ. ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟಿಗೆ ಒಣ ಬಿಸಿಲಿನಲ್ಲಿ 14 ದಿನ ನೀರುಣಿಸಬೇಕು. ಸಂಜೆ ನಾಲ್ಕರ ಮೇಲೆ ಕೆಲಸ, ಗೋಣಿಚೀಲ ಹೊದಿಸಿ ಟ್ಯಾಂಕರ್ ನೀರು. ಟ್ಯಾಂಕರಿನ ದುಡ್ಡು ಅಂದಾಜಿನಲ್ಲಿ ಇರಲಿಲ್ಲ. ಉಳಿದಿದ್ದ 31,060ರಲ್ಲಿ 18,000 ಅದಕ್ಕೇ ಹೋಯಿತು. ಬೇಸಿಗೆಯಲ್ಲಿ ಬೋರು ಬತ್ತುವ ಊರಲ್ಲಿ ಅಂದಾಜು ಬರೆಯುವವರು ನೀರನ್ನು ಒಂದು ಬಾಬಾಗಿ ಬರೆಯಲೇಬೇಕು.

ಕೊನೆಯಲ್ಲಿ ಪೈಪುಗಳ ಬಾಯಿ ಮುಚ್ಚಿ ಒಂದಿಂಚು ನೀರು ಕಟ್ಟಿ 48 ತಾಸು ನಿಲ್ಲಿಸಿದರು. ಏಳನೇ ತರಗತಿಯ ಪಂಖದ ಕೊಕ್ಕೆಯ ಸುತ್ತ ಕಾಸಿನಗಲ ತೇವ ಕಂಡಿತು. ಅಲ್ಲಿ ಕಿತ್ತು ಮತ್ತೆ ಮಾಡಿಸಿದ ಮೇಲೆಯೇ ಮೂರನೇ ಕಂತು ಹೋಯಿತು.

ಶೌಚಾಲಯದ ವಿಷಯದಲ್ಲಿ ಶಾಲೆಗಳಿಗೆ ಹೇಳುವ ಅಳತೆ 40 ಮಕ್ಕಳಿಗೆ ಒಂದು. 144 ಹುಡುಗಿಯರಿಗೆ ನಾಲ್ಕು ಕಟ್ಟಿಸಿದರು, ಒಂದರ ಬಾಗಿಲು 90 ಸೆಂ.ಮೀ., ಗಾಲಿಕುರ್ಚಿಗೆಂದು. ಒಂದೂವರೆ ಅಡಿ ಎತ್ತರದ ಕಟ್ಟೆಗೆ ಹನ್ನೆರಡಕ್ಕೆ ಒಂದರ ಲೆಕ್ಕದಲ್ಲಿ 18 ಅಡಿ ಇಳಿಜಾರು ಬೇಕು. ಜಾಗ ಸಾಲದೆಂದು ಗವಂಡಿ 9 ಅಡಿಗೆ ಮುಗಿಸಿದ್ದ, ಅದನ್ನು ಒಡೆಸಿ ತಿರುವು ಕೊಟ್ಟು ಕಟ್ಟಿಸಿದರು. ಅಷ್ಟು ಕಡಿದಾದ ಇಳಿಜಾರಿನಲ್ಲಿ ಮಗು ತಾನಾಗಿ ಏರಲಾರದು. ಹುಡುಗರಿಗೆ ಹಳೆಯ ಎರಡರ ಜೊತೆ ಹೊಸ ಎರಡು. ಅಳತೆಗೆ ಇನ್ನೂ ಒಂದು ಕಡಿಮೆ. ಕರಿ ಮಣ್ಣಿನಲ್ಲಿ ಇಂಗುಗುಂಡಿ ನೀರು ಕುಡಿಯುವುದಿಲ್ಲ, ಬೇಗ ತುಂಬಿ ಉಕ್ಕುತ್ತದೆ. ಅದಕ್ಕೇ ಹಳೆಯದನ್ನು ಮುಚ್ಚಿ, ಕಟ್ಟಡದಿಂದ 20 ಅಡಿ ಆಚೆ ಸೋರದ ಟ್ಯಾಂಕು ಕಟ್ಟಿ, ಸಕ್ಕಿಂಗ್ ಗಾಡಿ ಬಂದು ನಿಲ್ಲುವಷ್ಟು ದಾರಿ ಬಿಟ್ಟರು. ಗುಡಿಸಿ ತೊಳೆಯುವವರ ಸಂಬಳ ತಿಂಗಳಿಗೆ 5,000 ಶುಲ್ಕದ ಆದಾಯದಿಂದಲೇ ಎಂದು ಠರಾವು ಆಯಿತು. ಇದಿಲ್ಲದೆ ಕಟ್ಟಿದ ಹೊಸ ಶೌಚಾಲಯಕ್ಕೆ ಮೂರನೇ ತಿಂಗಳಿಗೆ ಬೀಗ ಬೀಳುತ್ತದೆ, ಹುಡುಗಿಯರು ನೀರು ಕುಡಿಯುವುದನ್ನೇ ಬಿಡುತ್ತಾರೆ.

ಗೋಡೆಯ ಸುತ್ತ ಮೂರೂವರೆ ಅಡಿ ಅಗಲಕ್ಕೆ ಎರೆ ಮಣ್ಣು ತೆಗೆದು ಮೊರಮ್ ಧಮ್ಮಸ್ಸು ಮಾಡಿ, ಹೊರಗೆ ವಾಲುವಂತೆ ಶಹಾಬಾದ್ ಫರ್ಸಿ ಹಾಸಿ ಸಂದು ತುಂಬಿದರು. ಮಾಳಿಗೆಯ ನೀರು ಈಗ ನೇರ ಚರಂಡಿಗೆ. ಬಿರುಕಿಗೆ ಕೈ ಹಚ್ಚಲಿಲ್ಲ. ಹೊಸ ಗಾಜಿನ ಪಟ್ಟಿ ಮಾತ್ರ ಇಟ್ಟರು. ಬಣ್ಣ ಕಾಣದ ಗೋಡೆ ನೋಡಿ ಕೆಲವು ದಾನಿಗಳು ಮುಖ ಸಣ್ಣ ಮಾಡಿದರು. ಅವರಿಗೆ ಎಂಜಿನಿಯರ್ ವರದಿಯ ಆ ಪುಟವನ್ನು ಕಳಿಸಿದ್ದು ಸಾಕಾಯಿತು.

ಹೆಸರು ಬರೆಸುವ ಮಾತು ಕೊನೆಗೆ ಬಂತು. ಒಂದೇ ಫರ್ಸಿಕಲ್ಲಿನ ಮೇಲೆ ಎಲ್ಲರ ಹೆಸರು, ಅಕಾರಾದಿಯಾಗಿ, ಮೊತ್ತವಿಲ್ಲದೆ. ಜೊತೆಗೆ ದಾನಿಗಳೆಲ್ಲರಿಗೂ ಎರಡು ಪುಟದ ಲೆಕ್ಕ: ಬಂದದ್ದು, ಬಿಲ್ ಸಂಖ್ಯೆ ಸಹಿತ ಖರ್ಚು, ಟಿಡಿಎಸ್, ತಡೆಹಿಡಿದ ಮೊತ್ತ, ಉಳಿದ 13,060.

ದೀಪಾವಳಿಯ ಮಾರನೇ ವಾರ ಎಂಜಿನಿಯರ್ ಮತ್ತೆ ಬಂದರು. ಮಾಳಿಗೆ ಎಲ್ಲೂ ಸೋರಿರಲಿಲ್ಲ. ಗಾಜಿನ ನಾಲ್ಕು ಪಟ್ಟಿಗಳಲ್ಲಿ ಮೂರು ಇಡಿಯಾಗಿದ್ದವು. ಈಶಾನ್ಯ ಮೂಲೆಯದು ಒಡೆದಿತ್ತು. ಅಲ್ಲಿ ಮುಚ್ಚಿದ ಹಳೆಯ ಇಂಗುಗುಂಡಿಯ ಮಣ್ಣು ಕುಸಿದು ಎರಡು ಫರ್ಸಿ ಒಳಗಿಳಿದಿದ್ದವು, ಸಂದಿನಲ್ಲಿ ನೀರು ಹೋಗುತ್ತಿತ್ತು. ಗುತ್ತಿಗೆದಾರ ಫರ್ಸಿ ಎತ್ತಿ, ಮೊರಮ್ ತುಂಬಿ, ಧಮ್ಮಸ್ಸು ಮಾಡಿ ಮತ್ತೆ ಹಾಸಿಕೊಟ್ಟ ಮೇಲೆ 51,650 ರೂಪಾಯಿ ಬಿಡುಗಡೆಯಾಯಿತು. ಆ ಮೂಲೆಗೆ ಹೊಸ ತಾರೀಖು ಬರೆದು ಇನ್ನೊಂದು ಗಾಜು ಇಟ್ಟಿದ್ದಾರೆ.